ರಾಕ್ಷಸನ ಪಾರ್ಟು ಯಾರಿಗೆ?

ಕಳೆದ ಬ್ಯಾಸಗಿಯಲ್ಲಿ ಬಿಜ್ಜರಗಿಯ ನಮ್ಮ ಕೇರಿಯ ಕಟ್ಟೆಯ ಮೇಲೆ ಎಂಟು, ಒಂಬತ್ತು, ಹತ್ತನೇ ಇಯತ್ತೆಯ ಹುಡುಗ ಹುಡುಗಿಯರನ್ನು ಕೂಡಿಸಿಕೊಂಡು ಒಂದು ಕೈಬರಹದ ಪತ್ರಿಕೆ ಮಾಡಲು ಹೊರಟೆವು. ನಾವು ಅಂದರೆ ಮನೆತನದಲ್ಲಿ ಮೊದಲ ಸಲ ಡಿಗ್ರಿ ಕಾಗದ ಕಂಡ ನಾಲ್ಕು ಮಂದಿ, ಕವಿತೆ ಬರೆಯುವ ಚಟದವರು, ನೌಕರಿ ಇನ್ನೂ ಹತ್ತದವರು. ಮಕ್ಕಳಿಗೆ ಹೇಳಿದ್ದು ಇಷ್ಟೇ: ಈ ಭೂಮಿಯ ಮೇಲೆ ಇಲ್ಲದ ಒಂದು ಜೀವವನ್ನು ಪಾತ್ರ ಮಾಡಿ ಒಂದು ಕತೆ ಬರೀರಿ. ಯಾವ ಜೀವ ಅನ್ನೂದು ನಿಮಗ ಬಿಟ್ಟದ್ದು.

ಹನ್ನೊಂದು ಕತೆ ಬಂದವು. ಎಂಟರೊಳಗೆ ರಾಕ್ಷಸ. ಎಂಟೂ ರಾಕ್ಷಸರು ಒಂದೇ ತಾಯಿಯ ಮಕ್ಕಳಂತೆ ಇದ್ದರು. ಕರೀ ಮೈ, ದಪ್ಪ ತುಟಿ, ಕೆದರಿದ ಗುಂಗುರು ಕೂದಲು, ಕೆಂಪು ಕಣ್ಣು. ಕುಡಿಯುತ್ತಾನೆ, ಬಾಡು ತಿನ್ನುತ್ತಾನೆ, ಊರ ಹೊರಗೆ ಇರುತ್ತಾನೆ. ಒಬ್ಬ ಹುಡುಗ ಚಿತ್ರವನ್ನೂ ಬಿಡಿಸಿದ್ದ. ಮಗ್ಗುಲಲ್ಲಿ ಕುಂತಿದ್ದ ಅವನ ಸಣ್ಣ ತಂಗಿ ಚಿತ್ರದ ಮೇಲೆ ಬೆರಳಿಟ್ಟು "ಮುತ್ಯಾ!" ಅಂದಳು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಆ ಮುತ್ಯಾ ಅಲ್ಲೇ ಬೇವಿನ ಗಿಡದ ಬುಡಕ್ಕೆ ಕುಂತು ಬೀಡಿ ಸೇದುತ್ತಿದ್ದ. ಅವನೂ ನಕ್ಕ. ಮೊದಲು ಮಂದಿಯ ಜೋಳದ ಹೊಲದಲ್ಲಿ, ಆಮೇಲೆ ಮಂದಿಯ ದ್ರಾಕ್ಷಿ ತೋಟದಲ್ಲಿ ಬಿಸಿಲಿಗೆ ಸುಟ್ಟುಕೊಂಡ ಮೈ ಅದು.

ರಾತ್ರಿ ಆ ಎಂಟು ಕತೆಗಳನ್ನು ಮತ್ತೆ ಓದಿದಾಗ ನಗು ಬರಲಿಲ್ಲ. ನಮ್ಮ ಮಕ್ಕಳು ತಮಗೆ ಗೊತ್ತಿಲ್ಲದಂತೆ ತಮ್ಮ ಮುತ್ಯಾನನ್ನು ಕೊಂದಿದ್ದರು. ಒಂದರಲ್ಲಿ ಬಾಣದಿಂದ, ಇನ್ನೊಂದರಲ್ಲಿ ಶಾಪದಿಂದ, ಮತ್ತೊಂದರಲ್ಲಿ ಬೆಳ್ಳಗಿನ ರಾಜಕುಮಾರನ ಕತ್ತಿಯಿಂದ.

ಈ ರಾಕ್ಷಸನನ್ನು ಅವರಿಗೆ ಯಾರು ಕೊಟ್ಟರು? ನಮ್ಮ ಸೀಮೆಯ ದೊಡ್ಡಾಟದಲ್ಲಿ ರಾಕ್ಷಸ ಬಂದಾಗ ಹಲಗೆ ಮನೆ ಹಾರಿಹೋಗುವಷ್ಟು ಕುಣಿಯುವುದನ್ನು ನಾವೂ ನೋಡಿ ಬೆಳೆದವರು. ಆ ರಾಕ್ಷಸನಿಗೆ ಒಂದು ಗತ್ತಿತ್ತು, ಮಾತಿತ್ತು. ನೋಡುವ ಮಂದಿ ದೇವರ ಪಾತ್ರಕ್ಕಿಂತ ಅವನ ದಾರಿಯನ್ನೇ ಹೆಚ್ಚು ಕಾಯುತ್ತಿದ್ದರು. ಸಾಲಿಯ ಗ್ಯಾದರಿಂಗಿನ ರಾಕ್ಷಸ ಬೇರೆ. ನಮ್ಮಲ್ಲೊಬ್ಬನಿಗೆ ಮೂರು ವರ್ಷವೂ ಅದೇ ಪಾರ್ಟು. ರಾಮನ ಪಾರ್ಟು ಕೇಳಿದ್ದಕ್ಕೆ "ನಿನ್ನ ಮಾರಿಗಿ ಬಣ್ಣದ ಖರ್ಚು ಉಳೀತೈತಿ, ಸುಮ್ನ ಮಾಡು" ಎಂಬ ಉತ್ತರ ಬಂತು. ಹೇಳಿದವರು ಕೆಟ್ಟವರೇನಲ್ಲ, ಚಲೋ ಪಾಠ ಹೇಳುತ್ತಿದ್ದರು. ಅದಕ್ಕೇ ಆ ಮಾತು ಇನ್ನೂ ಆಳಕ್ಕೆ ಇಳಿಯಿತು.

ಆಮೇಲೆ ಪುಸ್ತಕಗಳು. 1949ರಿಂದ ಕನ್ನಡದಲ್ಲಿ ಬಂದ 'ಚಂದಮಾಮ', 1967ರಲ್ಲಿ ಶುರುವಾದ 'ಅಮರ ಚಿತ್ರಕಥಾ' ಎಷ್ಟೋ ಮನೆಗಳಲ್ಲಿ ಓದುವ ರುಚಿ ಹಚ್ಚಿದವು, ಅಲ್ಲಗಳೆಯುವುದಿಲ್ಲ. ಆದರೆ ದೇವರು ಬೆಳ್ಳಗೆ ಅಥವಾ ನೀಲಿ, ಅಸುರ ಕಪ್ಪು ಎಂಬ ವರ್ಣಮಾಲೆಯನ್ನು ಅಕ್ಷರಮಾಲೆಯ ಜೊತೆಗೇ ಕಲಿಸಿದವು. ಈಗ ಚಂದಮಾಮ ನಿಂತಿದೆ, ವರ್ಣಮಾಲೆ ನಿಂತಿಲ್ಲ. 2015ರ 'ಬಾಹುಬಲಿ' ಸಿನಿಮಾದ ಕಾಲಕೇಯರನ್ನು ನೋಡಿ: ಮೈಗೆಲ್ಲ ಮಸಿ ಬಳಿದಂತಹ ಒಂದು ಇಡೀ ಕುಲ, ಕೊಳಕು ಹಲ್ಲು, ಯಾರಿಗೂ ತಿಳಿಯದ ಒಂದು ಹೊಸ ಭಾಷೆ. ಆ ಭಾಷೆಯನ್ನು ನಮ್ಮ ಕೇರಿಯ ಹುಡುಗರು ಬಾಯಿಪಾಠ ಮಾಡಿ ಒಬ್ಬರಿಗೊಬ್ಬರು ಹೆದರಿಸಿದರು. ಪಕ್ಕದ ತಾಂಡಾದಿಂದ ಸಾಲಿಗೆ ಬರುವ ಲಂಬಾಣಿ ಹುಡುಗ ತನ್ನ ತಾಯಿಯ ಜೊತೆ ತನ್ನ ಮಾತಾಡಿದಾಗ ಇವರೇ ಅವನನ್ನು "ಏ ಕಾಲಕೇಯ" ಎಂದು ಕರೆದರು. ಶೋಷಿತನ ಕೈಗೆ ಬಂದ ಕಲ್ಲು ಇನ್ನೊಬ್ಬ ಶೋಷಿತನಿಗೇ ಬಿತ್ತು.

"ಹುಡುಗರ ಕತಿ, ಮಾಯಾ ಮಂತ್ರದ ಕತಿ, ಅದಕ್ಯಾಕ ಇಷ್ಟು ತಲೀ ಕೆಡಸ್ಕೋತೀರಿ?" ಎಂದು ಕೇಳುವ ಗೆಳೆಯರಿದ್ದಾರೆ. ಅವರನ್ನು ವಿಜಯಪುರದ ಶೆರ್ಜಾ ಬುರುಜಿನ ಮೇಲೆ ಕರೆದುಕೊಂಡು ಹೋಗಬೇಕು. ಅಲ್ಲಿ ಮಲಿಕ್-ಎ-ಮೈದಾನ್ ತೋಪು ಇದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಅದರ ಬಾಯಿಯನ್ನು ಬಾಯಿ ತೆರೆದ ಸಿಂಹದ ತಲೆಯಂತೆ ಮಾಡಿದ್ದಾರೆ. ಕೋರೆಹಲ್ಲುಗಳ ನಡುವೆ ಒಂದು ಆನೆ ನುಚ್ಚುನೂರಾಗುತ್ತಿದೆ. ಆನೆಯನ್ನು ಹಲ್ಲಿನ ಸಂದಿಯಲ್ಲಿ ಹಿಡಿಯುವ ಸಿಂಹ ಯಾವ ಅಡವಿಯಲ್ಲೂ ಇಲ್ಲ, ಅರಸನ ಹಂಬಲದಲ್ಲಿದೆ. ಅಚ್ಯುತದೇವರಾಯನ ನಾಣ್ಯದ ಮೇಲಿನ ಗಂಡಭೇರುಂಡವೂ ಹೀಗೆಯೇ, ಎರಡು ತಲೆಯ ಹಕ್ಕಿ, ಕೊಕ್ಕು ಉಗುರಿನಲ್ಲಿ ಆನೆಗಳು. ಮೈಸೂರು ಅರಸರ ಮನೆಯಿಂದ ಅದೇ ಹಕ್ಕಿ ಕರ್ನಾಟಕ ಸರ್ಕಾರದ ಲಾಂಛನಕ್ಕೆ ಹಾರಿಬಂತು. ಎಡಬಲಕ್ಕೆ ಆನೆಯ ಸೊಂಡಿಲಿನ ಸಿಂಹಗಳು ನಿಂತಿವೆ. ನಮ್ಮ ಹುಡುಗರಿಗೆ ಜಾತಿ ಪ್ರಮಾಣಪತ್ರ ಬರುವಾಗ ಅದರ ನೆತ್ತಿಯ ಮೇಲೆ ಈ ಇಲ್ಲದ ಹಕ್ಕಿ, ಕೆಳಗೆ ಇರುವ ಜಾತಿ. ಇಲ್ಲದ ಪ್ರಾಣಿಯನ್ನು ಆರಿಸುವುದು ಹುಡುಗಾಟವಾಗಿದ್ದರೆ ಅರಸರು ಅದಕ್ಕೆ ಟನ್ನುಗಟ್ಟಲೆ ಲೋಹ ಸುರಿಯುತ್ತಿರಲಿಲ್ಲ.

ಹೊರಗಿನ ದೇಶದವರೂ ಈ ಹಳ್ಳವನ್ನು ದಾಟಿಬಂದವರಲ್ಲ. ಇಂಗ್ಲೆಂಡಿನ ಟಾಲ್ಕಿನ್ 1954-55ರಲ್ಲಿ ಪ್ರಕಟಿಸಿದ ದೊಡ್ಡ ಕಾದಂಬರಿಯಲ್ಲಿ ಓರ್ಕ್ ಎಂಬ ರಾಕ್ಷಸ ಸೈನ್ಯವಿದೆ. ಆತ ಒಳ್ಳೆಯ ಮನುಷ್ಯ, ಹಿಟ್ಲರನ ಜನಾಂಗವಾದವನ್ನು ಹೀಗಳೆದವನು. ಆದರೂ ಓರ್ಕ್‌ಗಳ ಮುಖ ಹೇಗಿತ್ತು ಎಂದು 1958ರಲ್ಲಿ ಒಂದು ಕಾಗದದಲ್ಲಿ ವಿವರಿಸುವಾಗ ಅವನ ಪೆನ್ನು ಮಂಗೋಲ ಜನರ ಮುಖವನ್ನೇ ಬರೆಯಿತು. ಒಳ್ಳೆಯತನ ಒಂದೇ ಸಾಲದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅಮೆರಿಕದ ಉರ್ಸುಲಾ ಲೆಗ್ವಿನ್ 1968ರಲ್ಲಿ ಹದಿಹರೆಯದವರಿಗೆ ಬರೆದ ಮಾಂತ್ರಿಕರ ಕಾದಂಬರಿಯಲ್ಲಿ ನಾಯಕನನ್ನು ಕಂದುಮೈಯವನನ್ನಾಗಿ ಮಾಡಿದಳು. 2004ರಲ್ಲಿ ಟೀವಿಯವರು ಅದನ್ನು ಚಿತ್ರ ಮಾಡಿದಾಗ ಅವನನ್ನು ಬೆಳ್ಳಗೆ ಮಾಡಿಬಿಟ್ಟರು. ಆಕೆ ಸುಮ್ಮನಿರದೆ ಪ್ರತಿಭಟಿಸಿದಳು.

ಇಲ್ಲಿ ನಮ್ಮ ಸಂಘಟನೆಯ ಹಿರಿಯ ಸಂಗಾತಿಯೊಬ್ಬರ ತಕರಾರನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಅವರು ಪತ್ರಿಕೆ ನೋಡಿ ಸಿಟ್ಟಾದರು. "ದೆವ್ವ ಭೂತ ಬಿಡಸಾಕ ನಾವು ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರಗೇವಿ. ನೀವು ಅದನ್ನ ಮಕ್ಕಳ ಕೈಯಾಗ ಬರಸಾಕ ಹತ್ತೀರಿ. ಬರಸೂದಿದ್ರ ಬರ, ಗುಳೆ, ಕೂಲಿ ಬರಸ್ರಿ." ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1976ರಲ್ಲಿ ಎಚ್. ನರಸಿಂಹಯ್ಯನವರು ಪವಾಡಗಳ ತನಿಖೆಗೆ ಸಮಿತಿ ಕಟ್ಟಿ ಬಾಬಾಗಳನ್ನು ಎದುರು ಹಾಕಿಕೊಂಡ ನಾಡು ಇದು. ನಮ್ಮ ಸೀಮೆಯಲ್ಲಿ ಬಾನಾಮತಿ ಎಂಬ ಶಬ್ದಕ್ಕೆ ಹೊಡೆತ ತಿಂದವರು ಯಾರು? ಗಂಡ ಸತ್ತವಳು, ಮಕ್ಕಳಿಲ್ಲದವಳು, ಕೇರಿಯ ಮುದುಕಿ. ಮೌಢ್ಯದ ವಿರುದ್ಧದ ಕಾನೂನು ಬರಲು 2017ರ ತನಕ ಕಾಯಬೇಕಾಯಿತು. ಹೀಗಿರುವಾಗ ಹದಿಮೂರರ ಹುಡುಗಿಯ ಕೈಯಲ್ಲಿ ದೆವ್ವದ ಕತೆ ಬರೆಸುವುದು ಬೆಂಕಿಯ ಜೊತೆ ಆಟವಲ್ಲವೆ?

ನಾವು ಬಹಳ ದಿನ ಇದನ್ನು ಯೋಚಿಸಿದೆವು. ಕಡೆಗೆ ನಮಗೆ ಅನ್ನಿಸಿದ್ದು ಹೀಗೆ. ನಾವು ಮಾಯಾಲೋಕವನ್ನು ಆರಿಸಿಕೊಂಡು ಹೋಗಬೇಕಾಗಿಲ್ಲ; ನಾವು ಹುಟ್ಟಿರುವುದೇ ಅದರೊಳಗೆ. ಒಬ್ಬ ಮನುಷ್ಯ ಮುಟ್ಟಿದರೆ ಕೆರೆಯ ನೀರು ಕೆಡುತ್ತದೆ ಎನ್ನುವುದಕ್ಕಿಂತ ದೊಡ್ಡ ಮಾಟದ ಕತೆಯನ್ನು ಯಾವ ಕಾದಂಬರಿಕಾರ ಬರೆದಾನು? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಕುಡಿದರು. ಆಮೇಲೆ ಮೇಲ್ಜಾತಿಯವರು ಸೆಗಣಿ, ಗಂಜಲ, ಹಾಲು, ಮೊಸರು ಕಲಸಿದ 108 ಕೊಡ ನೀರನ್ನು ಮಂತ್ರ ಹೇಳಿ ಕೆರೆಗೆ ಸುರಿದು ಅದನ್ನು ಶುದ್ಧ ಮಾಡಿದರು. ಅಲ್ಲಿ ಮಾಯಾಮಂತ್ರವನ್ನು ನಂಬಿದವರು ಯಾರು, ನೀರನ್ನು ನೀರೆಂದು ಕುಡಿದವರು ಯಾರು? ನೆರಳಿಗೆ ಮೈಲಿಗೆಯ ಶಕ್ತಿ ಕೊಟ್ಟವರು ಕಲ್ಪನೆಯ ದೊಡ್ಡ ಪಂಡಿತರು. ಅವರ ಕಲ್ಪನೆಗೆ ಎದುರು ನಿಲ್ಲುವ ಕಲ್ಪನೆ ನಮ್ಮ ಮಕ್ಕಳಿಗೂ ಬೇಕು. ಬರ, ಗುಳೆ, ಕೂಲಿಯನ್ನು ಅವರು ದಿನಾ ಉಣ್ಣುತ್ತಾರೆ. ಬರೆಯುವಾಗಲೂ ಅದನ್ನೇ ಉಣ್ಣಬೇಕು ಎನ್ನುವುದು ಒಂದು ಬಗೆಯ ಬಿಟ್ಟಿ ಚಾಕರಿಯೇ.

ಹಾಗೆಂದು ಸಂಗಾತಿಯ ಭಯ ಸುಳ್ಳಾಗಲಿಲ್ಲ. ಅದನ್ನು ನಮಗೆ ತಿಳಿಸಿಕೊಟ್ಟವಳು ಒಂಬತ್ತನೇ ಇಯತ್ತೆಯ ಒಬ್ಬ ಹುಡುಗಿ. ರಾಕ್ಷಸ ಇಲ್ಲದ ಮೂರು ಕತೆಗಳಲ್ಲಿ ಒಂದು ಅವಳದು. ಅವಳ ತಾಯಿಯ ತವರೂರಿನಲ್ಲಿ ಒಂದು ಬಾವಿ. ಅದರೊಳಗೆ ಹೆಣ್ಣು ದೆವ್ವ ಇದೆ, ಹತ್ತಿರ ಹೋದರೆ ಕಾಲು ಹಿಡಿದು ಎಳೆಯುತ್ತದೆ ಎಂದು ಕೇರಿಯ ಮಕ್ಕಳಿಗೆ ಹೇಳಿದ್ದಾರೆ. ಆದರೆ ಊರೊಳಗಿನ ಹುಡುಗರು ಬ್ಯಾಸಗಿಯಲ್ಲಿ ಅದೇ ಬಾವಿಯಲ್ಲಿ ಈಜು ಬೀಳುತ್ತಾರೆ. ಹುಡುಗಿ ಬರೆದಿದ್ದಳು: ದೆವ್ವ ಅವರ ಕಾಲು ಯಾಕ ಹಿಡಿಯೂದಿಲ್ಲ ಅಂತ ನಾ ಅವ್ವನ ಕೇಳಿದೆ, ಅವ್ವ ಸುಮ್ಮನ ಕುಂತಳು.

ಇಡೀ ಸಮಾಜಶಾಸ್ತ್ರದ ಪುಸ್ತಕವೊಂದು ಆ ಒಂದು ಸಾಲಿನಲ್ಲಿದೆ. ಬೇಲಿ ಹಾಕಿದರೆ ಕಾನೂನು ಕೇಳುತ್ತದೆ, ಬೋರ್ಡು ಹಾಕಿದರೆ ಕೇಸು ಬೀಳುತ್ತದೆ, ದೆವ್ವ ಇಟ್ಟರೆ ಯಾರೂ ಏನೂ ಕೇಳುವಂತಿಲ್ಲ. ಹಾಗಾದರೆ ಕತೆಗೆ ಒಂದು ಜೀವವನ್ನು ಆರಿಸುವ ಮೊದಲು ಕೇಳಬೇಕಾದದ್ದು ಅದು ನಿಜವೋ ಸುಳ್ಳೋ ಎಂದಲ್ಲ. ಸುಳ್ಳೇ, ಎಲ್ಲರಿಗೂ ಗೊತ್ತು. ಅದು ಯಾರ ಹೆದರಿಕೆಯಿಂದ ಹುಟ್ಟಿತು, ಯಾರನ್ನು ಹೆದರಿಸಲು ನಿಂತಿದೆ, ಅದರ ಮೈ ಯಾರ ಮೈ, ಇದನ್ನು ಕೇಳಬೇಕು.

ಮತ್ತೆ ರಾಕ್ಷಸನಿಗೆ ಬರೋಣ. ಸುಲಭದ ದಾರಿ ಒಂದಿದೆ: ತಿರುವಿ ಹಾಕುವುದು. ರಾಕ್ಷಸ ಒಳ್ಳೆಯವನು, ದೇವರು ಕೆಟ್ಟವನು. ಈ ದಾರಿಗೆ ದೊಡ್ಡ ಪರಂಪರೆಯೇ ಇದೆ. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಮಹಾತ್ಮ ಫುಲೆ 1873ರ 'ಗುಲಾಮಗಿರಿ'ಯಲ್ಲಿ ಅವತಾರದ ಕತೆಗಳನ್ನು ಗೆದ್ದವರ ಚರಿತ್ರೆ ಎಂದು ಓದಿದರು, ಬಲಿಯನ್ನು ನಮ್ಮ ರಾಜನೆಂದರು. ಕುವೆಂಪು 'ಶ್ರೀ ರಾಮಾಯಣ ದರ್ಶನಂ'ನಲ್ಲಿ ರಾವಣನಿಗೊಂದು ಅಂತರಂಗ ಕೊಟ್ಟರು. ಮೈಸೂರಿನಲ್ಲಿ ಗೆಳೆಯರು ಮಹಿಷ ದಸರಾ ಮಾಡುತ್ತ ಬಂದಿದ್ದಾರೆ. 2019ರಲ್ಲೂ 2023ರಲ್ಲೂ ಅವರಿಗೆ ಚಾಮುಂಡಿ ಬೆಟ್ಟದ ಮೇಲೆ ಆಚರಿಸಲು ಬಿಡಲಿಲ್ಲ. ಕತ್ತಿ ಒಂದು ಕೈಯಲ್ಲಿ, ಹಾವು ಒಂದು ಕೈಯಲ್ಲಿ ಹಿಡಿದು ಬೆಟ್ಟದ ಮೇಲೆ ನಿಂತ ಆ ಮೂರ್ತಿಗೆ ಒಂದು ಹಾರ ಹಾಕುವುದಕ್ಕೆ ನಿಷೇಧಾಜ್ಞೆ ಬೇಕಾಯಿತು ಅಂದರೆ ಪುರಾಣ ಸತ್ತಿಲ್ಲ ಎಂದರ್ಥ. ಈ ಹೋರಾಟದ ಜೊತೆ ನಾವಿದ್ದೇವೆ.

ಆದರೆ ಕತೆ ಬರೆಯುವಾಗ ನಮಗೆ ಇದು ಸಾಲುವುದಿಲ್ಲ ಎನ್ನಿಸುತ್ತದೆ. ಯಾಕಂದರೆ ತಿರುವಿ ಹಾಕಿದ ಕತೆಯಲ್ಲೂ ಸಿಂಹಾಸನ ಅಲ್ಲೇ ಇರುತ್ತದೆ. ಮಹಿಷ ರಾಜ, ಬಲಿ ರಾಜ, ರಾವಣ ರಾಜ. ನಮ್ಮ ಮುತ್ಯಾ ರಾಜನಲ್ಲ. ನಾವೂ ಒಂದು ಕಾಲಕ್ಕೆ ಅರಸರಾಗಿದ್ದೆವು ಎಂದು ಹುಡುಗನಿಗೆ ಹೇಳಿದರೆ ಅವನಿಗೆ ಒಂದು ಕ್ಷಣ ಎದೆ ಉಬ್ಬುತ್ತದೆ, ನಿಜ; ಅರಸನಾಗದೆ ಬದುಕಿದ ಮನುಷ್ಯನಿಗೆ ಮರ್ಯಾದೆ ಇಲ್ಲವೇನು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಇನ್ನೊಂದು ದಾರಿ ನಮ್ಮ ಅಜ್ಜಿಯಂದಿರ ಬಾಯಲ್ಲೇ ಇದೆ. ನಮ್ಮ ಕೇರಿಗಳಲ್ಲಿ ಸತ್ತವರಿಗೂ ಜಾತಿ ಬಿಡಲಿಲ್ಲ, ನೋಡಿ. ಬ್ರಾಹ್ಮಣ ಸತ್ತು ಪಿಶಾಚಿಯಾದರೆ ಬ್ರಹ್ಮರಾಕ್ಷಸ: ಅರಳಿ ಮರದ ಮೇಲೆ ವಾಸ, ವೇದ ಬರುತ್ತದೆ, ಮಂತ್ರವಾದಿಯೂ ಕೈಮುಗಿದು ಮಾತಾಡಿಸುತ್ತಾನೆ. ನಮ್ಮವರು ಸತ್ತರೆ ಬರೀ ದೆವ್ವ, ಜಾಲಿ ಕಂಟಿಯೇ ಗತಿ, ಬಾರಕೋಲಿನ ಏಟೇ ಪೂಜೆ. "ಹಂಗಾರ ದೆವ್ವಕ್ಕೂ ಮೀಸಲಾತಿ ಬೇಕಲ್ರಿ ಅಣ್ಣಾ" ಎಂದ ಹತ್ತನೇ ಇಯತ್ತೆಯವನ ಮಾತಿಗೆ ಕಟ್ಟೆಯೇ ನಕ್ಕಿತು. ನಗಿಸುವ ಕತೆಯಾಗಿ ಅವನೇ ಅದನ್ನು ಬರೆದುಕೊಟ್ಟ. ಪತ್ರಿಕೆಯಲ್ಲಿ ಎಲ್ಲರೂ ಮೊದಲು ಓದಿದ್ದು ಅದನ್ನೇ.

ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ಬಂತು. ಅದರಲ್ಲಿ ಜೋತಮ್ಮಗಳು ಬರುತ್ತವೆ. ದೀಪದ ಜೀವಗಳು ಅವು, ರಾತ್ರಿ ಒಂದೆಡೆ ಕೂಡಿ ತಂತಮ್ಮ ಮನೆಯ ಸುಖದುಃಖ ಮಾತಾಡಿಕೊಳ್ಳುತ್ತವೆ. ಜನಪದರ ಬಾಯಿಂದ ಬಂದ ಜೀವಗಳು. ಅವಕ್ಕೆ ಕೋರೆಹಲ್ಲಿಲ್ಲ, ಕತ್ತಿಯಿಲ್ಲ. ಎಲ್ಲ ಮನೆಯ ಒಳಗೂ ಅವಕ್ಕೆ ಪ್ರವೇಶವಿದೆ, ಅಷ್ಟೇ ಅವುಗಳ ಶಕ್ತಿ. ಹೊಸ್ತಿಲು ದಾಟಲಾಗದ ಜನರ ಕತೆಗಾರನೊಬ್ಬ ಎಲ್ಲ ಹೊಸ್ತಿಲ ಒಳಗೂ ಉರಿಯುವ ದೀಪವನ್ನು ಪಾತ್ರವಾಗಿ ಆರಿಸಿಕೊಂಡ. ಅದು ಹದಿನಾಲ್ಕರ ಓದುಗನಿಗೆ ಸುಲಭದ ಪುಸ್ತಕವಲ್ಲ. ಆದರೆ ಪಾತ್ರ ಆರಿಸುವ ಬಗೆಯನ್ನು ಅಲ್ಲಿಂದ ಕಲಿಯಬಹುದು.

ತುಳುನಾಡಿನ ಕಲ್ಕುಡ ಕಲ್ಲುರ್ಟಿಯರ ಕತೆಯನ್ನೂ ನಾವು ಮಕ್ಕಳಿಗೆ ಹೇಳಿದೆವು. ಕಾರ್ಕಳದಲ್ಲಿ 1432ರ ಗೊಮ್ಮಟ ಈಗಲೂ ನಿಂತಿದ್ದಾನೆ. ಅದನ್ನು ಕಡೆದ ಶಿಲ್ಪಿ ಇನ್ನೊಂದು ಊರಿನಲ್ಲಿ ಅಂಥದ್ದನ್ನು ಕಡೆಯಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದನಂತೆ. ಅಣ್ಣ ತಂಗಿ ಇಬ್ಬರೂ ಮಾಯವಾಗಿ ದೈವಗಳಾದರು, ಅರಸನ ಮನೆತನವನ್ನು ಕಾಡಿದರು. ಆ ದೈವಗಳನ್ನು ಮೈಮೇಲೆ ತಂದುಕೊಂಡು ಕುಣಿಯುವವರು ನಲಿಕೆ, ಪಂಬದ, ಪರವ ಜಾತಿಗಳ ಜನ. ರಾತ್ರಿ ಅವರ ಮುಂದೆ ಜಮೀನ್ದಾರ ಕೈಮುಗಿಯುತ್ತಾನೆ, ಬೆಳಕು ಹರಿದ ಮೇಲೆ ಅದೇ ಜಮೀನ್ದಾರನ ಅಂಗಳದ ಅಂಚಿನಲ್ಲಿ ಅವರ ಜಾಗ. 2022ರ 'ಕಾಂತಾರ' ನೋಡಿದ ಮೇಲೆ ನಮ್ಮ ಹುಡುಗರೆಲ್ಲ ದೈವದ ಕೂಗು ಕೂಗಿದರು. ಬೆಳಗಿನ ಆ ಅಂಗಳದ ಮಾತನ್ನು ಕೂಗಿನ ಜೊತೆಗೇ ಹೇಳಬೇಕಾಯಿತು.

ಕಡೆಗೆ ನಮ್ಮದೇ ಸೀಮೆಯ ದ್ಯಾಮವ್ವ. ಈ ಕತೆ ಗೊತ್ತಿಲ್ಲದ ಅಜ್ಜಿ ಇಲ್ಲ, ಪೂರ್ತಿ ಹೇಳುವ ಅಜ್ಜಿಯೂ ಇಲ್ಲ. ಕೇರಿಯ ಹುಡುಗನೊಬ್ಬ ಬ್ರಾಹ್ಮಣನೆಂದು ಹೇಳಿಕೊಂಡು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ. ಮಕ್ಕಳಾದವು. ಒಂದು ದಿನ ಅವನ ತಾಯಿ ಬಂದಳು. ಉಣ್ಣುವಾಗ ಮುದುಕಿಯ ಬಾಯಿಂದ ಕೇರಿಯ ಊಟದ ಮಾತು ಜಾರಿತು, ಗುಟ್ಟು ರಟ್ಟಾಯಿತು. ಅವಳು ಉರಿದೆದ್ದು ದೇವಿಯಾದಳು. ಅವನು ಓಡಿಹೋಗಿ ಕೋಣನ ಮೈಯಲ್ಲಿ ಅಡಗಿದ. ಆ ಕೋಣವನ್ನು ಕಡಿದಳು. ಊರಿಂದ ಊರಿಗೆ ಕತೆಯ ವಿವರ ಬದಲಾಗುತ್ತದೆ, ಕೋಣ ಮಾತ್ರ ಬದಲಾಗುವುದಿಲ್ಲ. ಜಾತ್ರೆಯಲ್ಲಿ ಕಡಿದದ್ದು ಅವನನ್ನೇ. ಆ ಕೋಣನ ತಲೆ ಹೊರುವ ಕೆಲಸ ಅವನ ಕೇರಿಯವರದೇ. ಪ್ರಾಣಿಬಲಿ ತಡೆಯುವ ಕಾನೂನು 1959ರದು. ಕೋಣ ಕಡಿಯುವುದು ಎಷ್ಟೋ ಕಡೆ ನಿಂತಿದೆ, ಒಳ್ಳೆಯದೇ ಆಯಿತು. ಆದರೆ 2017ರಲ್ಲಿ ನಮ್ಮದೇ ಜಿಲ್ಲೆಯ ಮುದ್ದೇಬಿಹಾಳ ತಾಲೂಕಿನಲ್ಲಿ, ದಲಿತ ಯುವಕನನ್ನು ಮದುವೆಯಾದ ಗರ್ಭಿಣಿ ಹೆಣ್ಣುಮಗಳನ್ನು ಅವಳ ಮನೆಯವರೇ ಸುಟ್ಟರು. ಅದನ್ನು ಯಾವ ಜಾತ್ರೆಯ ಲೆಕ್ಕಕ್ಕೆ ಬರೆಯಬೇಕು?

ಹದಿನಾಲ್ಕು ಹದಿನೈದರ ಹುಡುಗನಿಗೆ ಇದಕ್ಕಿಂತ ಹತ್ತಿರದ ಪಾತ್ರ ಯಾವುದು? ಒಬ್ಬ ಹುಡುಗ, ಒಂದು ಪ್ರೀತಿ, ಹೆಸರು ಹೇಳುವಾಗ ನುಂಗಿಕೊಂಡ ಒಂದು ಅಡ್ಡಹೆಸರು. ನಾವೂ ನಗರದಲ್ಲಿ ಖೋಲಿ ಬಾಡಿಗೆಗೆ ಕೇಳುವಾಗ ಅದನ್ನು ನುಂಗಿದವರೇ. ಕೊಂಬಿರುವ ಆ ಕರೀ ಪ್ರಾಣಿಯನ್ನು ಪುರಾಣ ಬರೆದವರು ನೋಡಿದರೆ ಮಹಿಷಾಸುರ, ಕೇರಿಯಿಂದ ನೋಡಿದರೆ ಹೆದರಿ ಅಡಗಿ ಕುಂತ ಮನುಷ್ಯ. ಚಿತ್ರ ಬಿಡಿಸಿದ ಹುಡುಗ ಇದನ್ನು ಕೇಳಿ ತನ್ನ ರಾಕ್ಷಸನನ್ನು ಹರಿದುಹಾಕಿ ಕೋಣನ ಬಾಯಿಂದ ಕತೆ ಬರೆಯಲು ಕುಂತ. ನಮಗೆ ಗೆದ್ದಷ್ಟು ಖುಷಿ.

ಆ ಖುಷಿಗೆ ನೀರು ಹಾಕಿದವಳು ಬಾವಿಯ ಕತೆಯ ಹುಡುಗಿಯೇ. "ಅಲ್ರಿ ಅಣ್ಣಾರ, ಅಂವ ಅಕಿಗೂ ಸುಳ್ಳ ಹೇಳಿದ್ನಲ್ರಿ? ಅಕೀನ ಯಾರ ಕೇಳಿದ್ರು?" ನಮ್ಮಲ್ಲಿ ಉತ್ತರ ಇರಲಿಲ್ಲ. ಜಾತಿಯ ಬೆಂಕಿಯಿಂದ ತಪ್ಪಿಸಿಕೊಳ್ಳಲು ಹೇಳಿದ ಸುಳ್ಳು ಎನ್ನಬಹುದು. ಹೆಣ್ಣಿಗೆ ಹೇಳಿದ ಸುಳ್ಳು ಎಂದೂ ಅನ್ನಬೇಕು. ಬಾವಿಯ ದೆವ್ವದ ಬಗ್ಗೆಯೂ ಅವಳು ಇಂಥದ್ದೇ ಮಾತು ಹೇಳಿದ್ದಳು. ಅದನ್ನು ಒಳ್ಳೆಯ ದೆವ್ವ ಮಾಡು, ಊರ ಹುಡುಗರನ್ನು ಹೆದರಿಸಲಿ ಎಂದು ನಾವು ಸಲಹೆ ಕೊಟ್ಟಾಗ ಒಪ್ಪಲಿಲ್ಲ. ಆ ಬಾವಿಗೆ ಬಿದ್ದವಳು ಕೇರಿಯವಳೇ, ಕೇರಿಯ ಗಂಡನ ಹೊಡೆತ ತಾಳದೆ ಬಿದ್ದವಳು, ಅಕೀ ಯಾರ ಮ್ಯಾಲೂ ಬರೂದಿಲ್ಲ, ಬರೇ ತನ್ನ ಹೆಸರು ಹೇಳ್ತಾಳ ಎಂದು ಮುಗಿಸಿದ್ದಳು. ನಾವು ಅದನ್ನು ತಿದ್ದಲು ಹೋಗಿದ್ದೆವು ಎಂಬುದು ಈಗ ನಾಚಿಕೆ.

ಈಗ ಪತ್ರಿಕೆಯ ಎರಡನೆಯ ಸಂಚಿಕೆಯಲ್ಲಿ ಎರಡು ಕತೆಗಳು ಎದುರುಬದುರು ಪುಟಗಳಲ್ಲಿವೆ. ಎಡಕ್ಕೆ ಕೋಣ ಮಾತಾಡುತ್ತದೆ, ಬಲಕ್ಕೆ ದ್ಯಾಮವ್ವ. ಇಬ್ಬರೂ ಒಬ್ಬರ ಮಾತನ್ನು ಒಬ್ಬರು ಒಪ್ಪುವುದಿಲ್ಲ. ಬರೆದ ಇಬ್ಬರು ಹುಡುಗರೂ ಒಂದು ವಾರ ಮಾತು ಬಿಟ್ಟಿದ್ದರು.

ಕಟ್ಟೆಯ ಮೇಲೆ ಎರಡನ್ನೂ ಗಟ್ಟಿಯಾಗಿ ಓದಿದ ದಿನ ಮುತ್ಯಾ ಬೇವಿನ ಬುಡದಿಂದ ಎದ್ದು ಹತ್ತಿರ ಬಂದು ಕುಂತ. ಓದಿ ಮುಗಿದ ಮೇಲೆ ಬಹಳ ಹೊತ್ತು ಬೀಡಿ ಹಚ್ಚಲಿಲ್ಲ. ಆಮೇಲೆ ಅಂದ: "ಸಣ್ಣಾಂವ ಇದ್ದಾಗ ಆ ಕೋಣದ ಹಗ್ಗಾ ನಾನೂ ಹಿಡದಿದ್ನಿ. ನಮ್ಮಪ್ಪ ಕೈಯಾಗ ಕೊಟ್ಟಿದ್ದ. ಅದು ಒದರಲಿಲ್ಲ. ನನ್ನ ಕಡೆ ನೋಡಕೋತ ನಿಂತಿತ್ತು."

ಮೊಮ್ಮಗ ಪೆನ್ಸಿಲ್ ತಗೊಂಡು, ಕಣ್ಣು ಹೆಂಗಿದ್ದವು ಮುತ್ಯಾ ಎಂದು ಕೇಳಿದ.